ಎರೆ ಭೂಮಿಯಲ್ಲಿ ಗೋಡೆ ಬಿರಿಯುವುದೇಕೆ?



ಬೇಸಿಗೆಯಲ್ಲಿ ನಿಮ್ಮ ಎರೆ ಹೊಲ ಕೈ ತೂರುವಷ್ಟು ಬಿರುಕು ಬಿಡುವುದನ್ನು ನೋಡಿದ್ದೀರಿ. ಮಳೆ ಬಿದ್ದರೆ ಅದೇ ಮಣ್ಣು ಉಬ್ಬುತ್ತದೆ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯೇ ಇದಕ್ಕೆ ಕಾರಣ. ಇದನ್ನು ಪಾಠ ಹೇಳುವ ನಾನೇ ಎರೆಯಲ್ಲಿ ಎರಡು ಅಡಿ ಪಾಯ ತೋಡಿಸಿ ಮನೆ ಕಟ್ಟಿಸಿದೆ. ಎರಡನೆಯ ಬೇಸಿಗೆಗೆ ಗೋಡೆ ಓರೆಯಾಗಿ ಬಿರಿಯಿತು. ಮೇಸ್ತ್ರಿಯನ್ನು ದೂರಿದೆ, ತಪ್ಪು ನನ್ನದಾಗಿತ್ತು.

ಬಿರುಕಿಗೆ ಸಿಮೆಂಟು ಮೆತ್ತಿದರೆ ಸಾಲದು. ಪಾಯವು ಹಿಗ್ಗಿ ಕುಗ್ಗುವ ಮಣ್ಣನ್ನು ದಾಟಿ ಗಟ್ಟಿ ಗರಸನ್ನು ಮುಟ್ಟಬೇಕು. ಎರೆ ಬಹಳ ಆಳವಿದ್ದರೆ ಇಂಜಿನಿಯರರ ಸಲಹೆ ಪಡೆದು, ಸುಮಾರು 3.5 ಮೀಟರ್ ಆಳದ, ಬುಡ ಅಗಲವಾದ ಕಾಂಕ್ರೀಟ್ ಕಂಬಗಳ ಮೇಲೆ ಗೋಡೆ ಎತ್ತಿಸಿ. ಬಚ್ಚಲ ನೀರು ಗೋಡೆಯ ಬುಡದಲ್ಲಿ ಇಂಗಬಾರದು. ಸುತ್ತಲೂ ಹೊರಕ್ಕೆ ಇಳಿಜಾರಾದ ಕಲ್ಲುಹಾಸು ಇರಲಿ.

ಪಾಯಕ್ಕೆ ಮೊದಲು ಒಂದು ಗುಂಡಿ ತೋಡಿ, ಎರೆ ಎಷ್ಟು ಆಳವಿದೆಯೆಂದು ನೋಡಿಕೊಳ್ಳಿ.