ಒಂದೇ ಪರದೆ, ಎರಡು ಕೆಲಸ

ಮನೆಬಳಕೆಗೆಂದು ಮೊದಮೊದಲು ಬಂದ ಹಲವು ಕಂಪ್ಯೂಟರುಗಳಿಗೆ ಸ್ವಂತ ಪರದೆ ಇರಲಿಲ್ಲ. 1982ರಲ್ಲಿ ಬ್ರಿಟನ್ನಿನಲ್ಲಿ ಹೊರಬಂದ ಸ್ಪೆಕ್ಟ್ರಮ್ ಯಂತ್ರವು ತನ್ನ ಚಿತ್ರವನ್ನು ಪ್ರಸಾರದ ಅಲೆಯ ರೂಪಕ್ಕೆ ತಿರುಗಿಸಿ, ಆಂಟೆನಾ ತಂತಿ ಸೇರಿಸುವ ಜಾಗದಿಂದಲೇ ಟಿ.ವಿ.ಯೊಳಕ್ಕೆ ಕಳಿಸುತ್ತಿತ್ತು. ಮುಂದೆ ಈ ನಂಟು ತಿರುವುಮುರುವಾಗಿ, ಕಂಪ್ಯೂಟರಿನ ಪರದೆಯಲ್ಲೇ ಟಿ.ವಿ. ನೋಡುವ ಸಾಧನ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಿಗೆ ಬಂತು. ಅದೇ ಟಿ.ವಿ. ಟ್ಯೂನರ್, ಅಂದರೆ ಕೇಬಲ್ಲಿನಲ್ಲಿ ಒಟ್ಟಿಗೆ ಹರಿದುಬರುವ ಹಲವು ವಾಹಿನಿಗಳಿಂದ ಬೇಕಾದ ಒಂದನ್ನು ಆರಿಸಿಕೊಡುವ ಉಪಕರಣ.

ಆರಿಸಿದರಷ್ಟೇ ಸಾಲದು. ಭಾರತದಲ್ಲಿ ರೂಢಿಯಲ್ಲಿದ್ದ ಪಾಲ್ ಎಂಬ ಪ್ರಸಾರ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆಗಳಂತೆ ಸೆಕೆಂಡಿಗೆ 25 ಚಿತ್ರಗಳು, ಒಟ್ಟು 15,625 ಗೆರೆಗಳು ಬರುತ್ತಿದ್ದವು. ಕಂಪ್ಯೂಟರಿನ ಮಾನಿಟರಿಗಾದರೋ ಅದರ ಸುಮಾರು ಎರಡರಷ್ಟು ವೇಗವಾದರೂ ಬೇಕಿತ್ತು. ಆದ್ದರಿಂದ ಹೊರಗಿಡುವ ಟ್ಯೂನರ್ ಪೆಟ್ಟಿಗೆಯು ಬಂದ ಗೆರೆಗಳನ್ನು ಹಿಡಿದಿಟ್ಟುಕೊಂಡು, ಇಮ್ಮಡಿಗೊಳಿಸಿ, ಮಾನಿಟರಿಗೆ ಒಪ್ಪುವ ವೇಗದಲ್ಲಿ ಹೊರಬಿಡುತ್ತಿತ್ತು. ಕೇಬಲ್ ತಂತಿಯನ್ನು ಅದರ ಹಿಂಬದಿಗೆ ಸಿಕ್ಕಿಸಿ, ಸ್ಪೀಕರಿನ ಪಿನ್ನು ಚುಚ್ಚಿದರೆ ಆಯಿತು, ಸಿಪಿಯು ಆರಿಸಿಟ್ಟಿದ್ದರೂ ಮಾನಿಟರಿನಲ್ಲಿ ಚಂದನದ ವಾರ್ತೆ ಮೂಡುತ್ತಿತ್ತು.

ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿರುವಂತೆ ದುಡಿಮೆಗೂ ಬಾಳಿಗೂ ಒಂದೇ ಸೂರು ಇರುವಲ್ಲಿ, ಎರಡನೆಯ ಪರದೆಗೆ ಹಣ ಮಾತ್ರವಲ್ಲ, ಜಾಗವನ್ನೂ ಹೊಂದಿಸಬೇಕಾಗುತ್ತದೆ. ಮಕ್ಕಳ ಓದಿಗೆಂದು ಕೊಂಡ ವಸ್ತುವನ್ನು ಇಡೀ ಮನೆಯ ಬಳಕೆಗೆ ತಂದ ಈ ಪೆಟ್ಟಿಗೆಯನ್ನು ಬರಿಯ ಅಗ್ಗದ ಸಾಮಾನು ಎಂದು ಕಡೆಗಣಿಸುವುದು ಅನ್ಯಾಯವೇ ಸರಿ.

2011ರ ಕೇಬಲ್ ಕಾಯ್ದೆ ತಿದ್ದುಪಡಿಯ ಫಲವಾಗಿ ಮೊದಲು ಬೆಂಗಳೂರಿನಂತಹ ದೊಡ್ಡ ನಗರಗಳಲ್ಲಿ, ಅನಂತರ ಸಣ್ಣ ಊರುಗಳಲ್ಲಿ ಸೆಟ್ ಟಾಪ್ ಬಾಕ್ಸ್ ಕಡ್ಡಾಯವಾದ ಮೇಲೆ, ವಾಹಿನಿ ಆರಿಸುವ ಕೆಲಸ ಟ್ಯೂನರಿನ ಕೈತಪ್ಪಿತು. ತೆಳು ಪರದೆಗಳು ಬಂದವು, ಎರಡು ಕೆಲಸ ಮಾಡಿದ ದಪ್ಪ ಮಾನಿಟರುಗಳು ಅಟ್ಟ ಸೇರಿದವು. ಅವುಗಳ ಗಾಜಿನಲ್ಲಿ ಸೀಸವೆಂಬ ವಿಷಲೋಹವಿದೆ. ತಾಮ್ರದ ಆಸೆಗೆ ಒಡೆದು ಗಾಜನ್ನು ತಿಪ್ಪೆಗೆಸೆದರೆ ಆ ಸೀಸ ಮಣ್ಣಿಗೂ ನೀರಿಗೂ ಇಳಿಯಬಲ್ಲದು. ಇಂತಹ ತ್ಯಾಜ್ಯವನ್ನು ಬಿಡಿಬಿಡಿಯಾಗಿ ಬೇರ್ಪಡಿಸಿ ಸಂಸ್ಕರಿಸುವ, ದೇಶದ ಮೊದಲ ಅಧಿಕೃತ ಘಟಕಗಳಲ್ಲಿ ಒಂದಾದ ಇ-ಪರಿಸರ 2005ರಲ್ಲಿ ಆರಂಭವಾದದ್ದು ಬೆಂಗಳೂರಿಗೆ ಹತ್ತಿರದ ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿ. ಹಳೆಯ ಮಾನಿಟರು ಮನೆಯಲ್ಲಿದ್ದರೆ ಅದನ್ನು ಗುಜರಿಗೆ ಹಾಕದೆ, ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೇ ಒಪ್ಪಿಸಬೇಕು.