ಒಂದು ಮಿಲಿವೋಲ್ಟಿನ ದನಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)

ಸಾಫ್ಟ್‌ವೇರ್ ಕೆಲಸದ ಬಗ್ಗೆ ನಾಲ್ಕು ಮಾತಾಡು ಎಂದು ಮೇಷ್ಟ್ರು ಹೇಳಿದ್ದರು. ಅವರ ಅಪ್ಪಣೆ ಪಡೆದೇ ಬೇರೆ ವಿಷಯ ತಂದಿದ್ದೇನೆ. ನನ್ನ ಕೈಯಲ್ಲಿರುವ ಈ ಅಲ್ಯೂಮಿನಿಯಂ ಡಬ್ಬಿ ನಾನೇ ಬೆಸುಗೆ ಹಾಕಿ ಮಾಡಿದ ಮೈಕ್ ಪ್ರೀಆಂಪ್ಲಿಫೈಯರ್.

ಈಗ ನಾನು ಮೆಲ್ಲಗೆ ಮಾತಾಡಿದರೂ ಹಿಂದೆ ಹೊಂಗೆ ಮರದ ಕೆಳಗೆ ನಿಂತವರಿಗೆ ಕೇಳಿಸುತ್ತಿದೆ. ಈ ಮೈಕಿನೊಳಗೆ ಒಂದು ತೆಳುವಾದ ಪೊರೆ, ಅದಕ್ಕೆ ಅಂಟಿದ ತಂತಿ ಸುರುಳಿ, ಪಕ್ಕದಲ್ಲಿ ಆಯಸ್ಕಾಂತ ಇವೆ. ದನಿ ತಾಗಿ ಸುರುಳಿ ಅಲುಗಿದರೆ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ಈ ವಿದ್ಯುತ್ಕಾಂತೀಯ ಪ್ರೇರಣೆಯನ್ನು ನಾವು ಇದೇ ಕಟ್ಟಡದಲ್ಲಿ ಕಲಿತೆವು. ಹಾಗೆ ಹುಟ್ಟುವುದು ಬಹಳ ಸಣ್ಣ ವಿದ್ಯುತ್ತು, 1 ಮಿಲಿವೋಲ್ಟ್ ಎಂದುಕೊಳ್ಳಿ. ರೆಕಾರ್ಡರಿಗೆ ಬೇಕಾದದ್ದು 1 ವೋಲ್ಟಿನ ಆಸುಪಾಸು. ಅಂದರೆ ಸಾವಿರ ಪಟ್ಟು ಹೆಚ್ಚಿಸಬೇಕು. ಆ ಕೆಲಸ ಪ್ರೀಆಂಪ್ಲಿಫೈಯರಿನದು.

ಹೆಚ್ಚಿಸುವುದೇನೂ ಕಷ್ಟವಲ್ಲ. ಆದರೆ ದನಿಯ ಜೊತೆಗೆ ಗದ್ದಲವೂ ಸಾವಿರ ಪಟ್ಟು ಹೆಚ್ಚುತ್ತದೆ. ಗದ್ದಲದಲ್ಲಿ ಎರಡು ಬಗೆ. ಮೊದಲನೆಯದು ಮನೆಯ 50 ಹರ್ಟ್ಸ್ ಕರೆಂಟಿನಿಂದ ಬರುವ ಗುಂಯ್ ಸದ್ದು. ಇದನ್ನು ಕಳೆಯುವ ಲೆಕ್ಕ ಒಂಬತ್ತನೇ ತರಗತಿಯ ಮಕ್ಕಳಿಗೂ ಗೊತ್ತು. ಮೈಕಿನಿಂದ ಎರಡು ತಂತಿ ಬರುತ್ತವೆ. ಒಂದರಲ್ಲಿ ದನಿ ಧನ, ಇನ್ನೊಂದರಲ್ಲಿ ಋಣ. ಗುಂಯ್ ಸದ್ದು ಮಾತ್ರ ಎರಡರಲ್ಲೂ ಒಂದೇ ರೀತಿ ಸೇರಿಕೊಳ್ಳುತ್ತದೆ. ಒಂದರಿಂದ ಇನ್ನೊಂದನ್ನು ಕಳೆಯಿರಿ: ದನಿ ಇಮ್ಮಡಿಯಾಗುತ್ತದೆ, ಗುಂಯ್ ಸದ್ದು ಬಹುಪಾಲು ಅಳಿಸಿಹೋಗುತ್ತದೆ.

ಎರಡನೆಯದು ಸುಂಯ್ ಎಂಬ ಸದ್ದು. ಯಾವ ರೆಸಿಸ್ಟರ್ ಆಗಲಿ, ಸುಮ್ಮನೆ ಮೇಜಿನ ಮೇಲಿದ್ದರೂ ಅದರ ಬಿಸಿಯಿಂದಲೇ ಒಳಗಿನ ಎಲೆಕ್ಟ್ರಾನುಗಳು ಅಲ್ಲಾಡುತ್ತಿರುತ್ತವೆ. 1928ರಲ್ಲಿ ಅಮೆರಿಕದಲ್ಲಿ ಜಾನ್ಸನ್ ಇದನ್ನು ಅಳೆದು ಪ್ರಕಟಿಸಿದರು, ನೈಕ್ವಿಸ್ಟ್ ಲೆಕ್ಕದಿಂದ ವಿವರಿಸಿದರು. 200 ಓಮ್‌ನ ರೆಸಿಸ್ಟರಿನಲ್ಲಿ, ಕಿವಿಗೆ ಕೇಳುವಷ್ಟು ಶ್ರೇಣಿಯಲ್ಲಿ, ಇದು ಸುಮಾರು ಕಾಲು ಮೈಕ್ರೋವೋಲ್ಟ್. ಇದನ್ನು ತಪ್ಪಿಸಲಾಗದು, ಇದಕ್ಕೆ ಹೊಸ ಗದ್ದಲ ಸೇರದ ಹಾಗೆ ನೋಡಿಕೊಳ್ಳಬಹುದು, ಅಷ್ಟೆ. ಅದೂ ಮೊದಲ ಹಂತದಲ್ಲೇ ಆಗಬೇಕು. ಅಲ್ಲಿ ಸೇರಿದ್ದನ್ನು ಮುಂದೆ ಎಷ್ಟು ದುಬಾರಿ ಯಂತ್ರ ಬಂದರೂ ಪೂರ್ತಿ ತೆಗೆಯಲಾರದು. ಹೈಸ್ಕೂಲು ಮೇಷ್ಟ್ರುಗಳ ಮುಂದೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಬಳಸಿದ್ದು ಐಎನ್‌ಎ 217 ಎಂಬ ಐಸಿ. ಎಷ್ಟು ಪಟ್ಟು ಹೆಚ್ಚಿಸಬೇಕೆಂಬುದನ್ನು ಒಂದೇ ರೆಸಿಸ್ಟರ್ ತೀರ್ಮಾನಿಸುತ್ತದೆ: 10,000 ಓಮನ್ನು ಅದರ ಓಮಿನಿಂದ ಭಾಗಿಸಿ, 1 ಕೂಡಿಸಿ. 100 ಓಮ್ ಹಾಕಿದರೆ 101 ಪಟ್ಟು, 10 ಓಮ್ ಹಾಕಿದರೆ 1001 ಪಟ್ಟು. ಶಕ್ತಿಗೆ ಎರಡು 9 ವೋಲ್ಟ್ ಬ್ಯಾಟರಿ. ಕರೆಂಟು ಹೋದರೂ ನಡೆಯುತ್ತದೆ, ಗುಂಯ್ ಸದ್ದು ಬರುವ ಒಂದು ದಾರಿಯೂ ಮುಚ್ಚುತ್ತದೆ. ಲೋಹದ ಡಬ್ಬಿ ಹೊರಗಿನ ಗದ್ದಲಕ್ಕೆ ಬೇಲಿ. ಬಿಡಿಭಾಗಗಳನ್ನು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹುಡುಕಿ ತಂದೆ. ಅಂಗಡಿಯಲ್ಲಿ ಸಿದ್ಧ ಯಂತ್ರವೂ ಸಿಗುತ್ತದೆ, ಕೊಂಡರೆ ತಪ್ಪಿಲ್ಲ. ಆದರೆ ಇದನ್ನು ಬಿಚ್ಚಿ ತೋರಿಸಬಹುದು, ಕೆಟ್ಟರೆ ನಾವೇ ಸರಿಮಾಡಬಹುದು.

ಇಷ್ಟೆಲ್ಲ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ನಮ್ಮಜ್ಜಿಗೆ ರಾಗಿ ಬೀಸುವ ಪದ, ಸೋಬಾನೆ ಪದ ಎಷ್ಟೋ ಬಾಯಿಗೆ ಬರುತ್ತವೆ. ಯಾವುದನ್ನೂ ಯಾರೂ ಬರೆದಿಟ್ಟಿಲ್ಲ. ಈಗ ದನಿ ಕುಗ್ಗಿದೆ. ನನ್ನ ಮೊಬೈಲು ಸಣ್ಣ ದನಿಯನ್ನೂ ಗದ್ದಲವೆಂದೇ ತಿಳಿದು ಒರೆಸಿಬಿಡುತ್ತಿತ್ತು. ಸಾಲಿನ ಕೊನೆಯ ಎಳೆತ ಮಾಯವಾಗುತ್ತಿತ್ತು. ಈ ಡಬ್ಬಿಯಿಂದ ಆ ಎಳೆತ ಉಳಿಯಿತು, ಎರಡು ಸಾಲಿನ ನಡುವೆ ಅವರು ಉಸಿರು ತೆಗೆದುಕೊಳ್ಳುವುದೂ ಉಳಿಯಿತು. ಪದವನ್ನು ಬರೆದಿಡಬಹುದು, ಅದರ ಧಾಟಿಯನ್ನು ಬರೆದಿಡಲಾಗದು.

ಇಂಥ ಹಿರಿಯರು ನಮ್ಮ ಸುತ್ತಿನ ಊರುಗಳಲ್ಲಿ ಇನ್ನೂ ಇದ್ದಾರೆ. ಬೀಸುವ ಕಲ್ಲು ಮೂಲೆ ಸೇರಿದೆ, ಮಿಲ್ಲು ಬಂದಿದೆ. ಹಾಡುವ ಸಂದರ್ಭವೇ ಇಲ್ಲ. ಅವರ ನಂತರ ಕೇಳುತ್ತೇವೆಂದರೂ ಹೇಳುವವರು ಇರುವುದಿಲ್ಲ.

ಆದ್ದರಿಂದ ಈ ಡಬ್ಬಿ, ಒಂದು ಮೈಕು, ಒಂದು ರೆಕಾರ್ಡರನ್ನು ಸರ್ಕ್ಯೂಟಿನ ನಕ್ಷೆಯ ಸಮೇತ ಇಂದು ಶಾಲೆಯ ಪ್ರಯೋಗಾಲಯಕ್ಕೆ ಒಪ್ಪಿಸುತ್ತಿದ್ದೇನೆ. ದಯವಿಟ್ಟು ಇದನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಮಕ್ಕಳು ಮುಟ್ಟಲಿ, ಬಿಚ್ಚಲಿ. ಒಂಬತ್ತನೇ ತರಗತಿಯವರು ಇಂಥದೇ ಇನ್ನೊಂದನ್ನು ಮಾಡುವುದಾದರೆ ದಸರಾ ರಜೆಯಲ್ಲಿ ಬಂದು ಜೊತೆಗೆ ಕೂರುತ್ತೇನೆ. ಹಾಡುವವರ ಒಪ್ಪಿಗೆ ಪಡೆದೇ ರೆಕಾರ್ಡ್ ಮಾಡಿ. ಒಂದು ಪ್ರತಿ ಅವರ ಮನೆಗೆ, ಒಂದು ಶಾಲೆಗೆ.

ತಾಯಂದಿರಲ್ಲಿ, ಅಕ್ಕಂದಿರಲ್ಲಿ ಒಂದು ಕೋರಿಕೆ. ಊಟಕ್ಕೆ ಏಳುವ ಮುನ್ನ, ನಿಮ್ಮ ಮನೆಯಲ್ಲಿ ಪದ ಹೇಳುವವರು ಇದ್ದರೆ ಬಾಗಿಲ ಬಳಿಯ ಪುಸ್ತಕದಲ್ಲಿ ಅವರ ಹೆಸರು ಬರೆಸಿ. ನಮ್ಮ ಶಾಲೆಗೆ ಐವತ್ತು ತುಂಬಿದೆ. ಆ ಪದಗಳಿಗೆ ಎಷ್ಟು ತುಂಬಿದೆಯೋ ಯಾರೂ ಎಣಿಸಿಲ್ಲ.