ಇಬ್ಬರು ಹುಡುಗರು, ಒಂದು ಹರಾಜು ಕಟ್ಟೆ



‘ರೋಬಾಟ್’ ಎಂಬ ಮಾತು ಇವತ್ತು ಶಾಲೆಯ ಮಕ್ಕಳ ಬಾಯಲ್ಲೂ ಇದೆ. ಅದು ಬಂದದ್ದು ನಾಟಕದಿಂದ. ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ‘ಆರ್.ಯು.ಆರ್.’ ನಾಟಕದಲ್ಲಿ ಮನುಷ್ಯರ ಬದಲಿಗೆ ದುಡಿಯಲೆಂದೇ ತಯಾರಿಸಿದ ಕೃತಕ ಮನುಷ್ಯರಿದ್ದಾರೆ. ಅವರನ್ನು ಏನೆಂದು ಕರೆಯುವುದೆಂಬ ಪ್ರಶ್ನೆ ಬಂದಾಗ ಈ ಹೆಸರನ್ನು ಸೂಚಿಸಿದವನು ಚಾಪೆಕ್‌ನ ಅಣ್ಣ ಜೋಸೆಫ್. ಅದರ ಮೂಲ ‘ರೋಬೊಟಾ’. ಒಡೆಯನ ಹೊಲದಲ್ಲಿ ರೈತ ಕೂಲಿಯಿಲ್ಲದೆ ಮಾಡಲೇಬೇಕಾಗಿದ್ದ ಕೆಲಸಕ್ಕೆ ಆ ಹೆಸರು. ಕನ್ನಡದಲ್ಲಿ ಹೇಳುವುದಾದರೆ ಬಿಟ್ಟಿ ಚಾಕರಿ. ನಾಟಕದಲ್ಲಿ ಈ ಬಿಟ್ಟಿ ಆಳುಗಳೇ ಮನುಷ್ಯರ ವಿರುದ್ಧ ದಂಗೆ ಏಳುತ್ತಾರೆ.

ವಿಜ್ಞಾನ ಕಥೆಯೆಂದರೆ ರಾಕೆಟ್ಟು, ಹಾರುವ ತಟ್ಟೆ ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಒಬ್ಬ ಮನುಷ್ಯ ಇನ್ನೊಬ್ಬನ ಸ್ವತ್ತಾಗಬಹುದೆ ಎಂಬ ಪ್ರಶ್ನೆಯೂ ಆ ಸಾಹಿತ್ಯವನ್ನು ಬಹುಕಾಲದಿಂದ ಕಾಡಿದೆ. ಈ ಪ್ರಶ್ನೆಯನ್ನು ಹುಡುಗನೊಬ್ಬ ಬೆಳೆದು ದೊಡ್ಡವನಾಗುವ ಕಥೆಯ ಮೂಲಕ ಕೇಳಿದ ಎರಡು ಅಮೆರಿಕನ್ ಕಾದಂಬರಿಗಳಿವೆ. ಒಂದರಲ್ಲಿ ಗುಲಾಮ ಹುಡುಗ ಸ್ವತಂತ್ರನಾಗುತ್ತಾನೆ. ಇನ್ನೊಂದರಲ್ಲಿ ಏನೂ ಅರಿಯದ ಹುಡುಗ ಗುಲಾಮರ ಒಡೆಯನಾಗುತ್ತಾನೆ. ಎರಡನ್ನೂ ಜೊತೆಗಿಟ್ಟು ನೋಡಿದರೆ ಸ್ವಾತಂತ್ರ್ಯದ ಬಗ್ಗೆ ಒಂದು ಕಠಿಣವಾದ ಮಾತು ಹೊರಬರುತ್ತದೆ.

ಮೊದಲನೆಯದು ರಾಬರ್ಟ್ ಹೈನ್‌ಲೈನ್ 1957ರಲ್ಲಿ ಬರೆದ ‘ಸಿಟಿಜನ್ ಆಫ್ ದಿ ಗ್ಯಾಲಕ್ಸಿ’. ಹದಿಹರೆಯದವರಿಗಾಗಿ ಬರೆದ ಕಾದಂಬರಿ ಇದು. ಪತ್ರಿಕೆಯಲ್ಲಿ ಇದರ ಧಾರಾವಾಹಿ ಆರಂಭವಾದದ್ದು ಆ ವರ್ಷದ ಸೆಪ್ಟೆಂಬರ್‌ನಲ್ಲಿ. ಅದೇ ತಿಂಗಳು ಅಮೆರಿಕದ ಲಿಟಲ್ ರಾಕ್ ನಗರದಲ್ಲಿ ಒಂಬತ್ತು ಮಂದಿ ಕಪ್ಪು ವಿದ್ಯಾರ್ಥಿಗಳನ್ನು ಬಿಳಿಯರ ಶಾಲೆಯೊಳಗೆ ಕರೆದೊಯ್ಯಲು ಸೈನ್ಯ ಬರಬೇಕಾಯಿತು. ಗುಲಾಮಗಿರಿ ರದ್ದಾಗಿ 92 ವರ್ಷ ಕಳೆದಿದ್ದರೂ ಅದರ ಲೆಕ್ಕ ತೀರಿರಲಿಲ್ಲ.

ಕಥೆ ನಡೆಯುವುದು ದೂರದ ಭವಿಷ್ಯದಲ್ಲಿ, ದೂರದ ಗ್ರಹವೊಂದರಲ್ಲಿ. ಆ ಗ್ರಹದ ರಾಜಧಾನಿಯ ಹೆಸರು ಜಬ್ಬಲ್‌ಪೋರ್. ನಮ್ಮ ಮಧ್ಯಪ್ರದೇಶದ ಜಬಲ್‌ಪುರವನ್ನು ಬ್ರಿಟಿಷರು ಬರೆಯುತ್ತಿದ್ದ ಕಾಗುಣಿತವೇ ಅದು. ಅಲ್ಲಿಯ ಹರಾಜು ಕಟ್ಟೆಯ ಮೇಲೆ 97ನೇ ಸರಕಾಗಿ ಬಂದು ನಿಲ್ಲುವವನು ಥಾರ್ಬಿ ಎಂಬ ಬಡಕಲು ಹುಡುಗ. ಅವನನ್ನು ಅಗ್ಗದ ಬೆಲೆಗೆ ಕೊಳ್ಳುವವನು ಬಾಸ್ಲಿಂ ಎಂಬ ಭಿಕ್ಷುಕ. ಅವನಿಗೆ ಇರುವುದು ಒಂದೇ ಕಾಲು, ಒಂದೇ ಕಣ್ಣು. ಕೊಂಡವನು ಹೊಡೆಯುವುದಿಲ್ಲ, ಭಾಷೆ, ಗಣಿತ, ಚರಿತ್ರೆ ಕಲಿಸುತ್ತಾನೆ, ಮಗನಂತೆ ಸಾಕುತ್ತಾನೆ. ಕಾನೂನು ಪ್ರಕಾರ ದಾಸ್ಯದಿಂದ ಬಿಡುಗಡೆಯನ್ನೂ ಮಾಡಿಸುತ್ತಾನೆ. ಗುಲಾಮರ ವ್ಯಾಪಾರದ ಜಾಡು ಹಿಡಿಯಲು ಭಿಕ್ಷುಕನ ವೇಷದಲ್ಲಿ ಕುಳಿತಿರುವ ಸೇನಾಧಿಕಾರಿ ಅವನು ಎಂಬುದು ಹುಡುಗನಿಗೆ ತಿಳಿಯುವುದು ಆಮೇಲೆ.

ಬಿಡುಗಡೆಯಾಯಿತು, ಕಥೆ ಮುಗಿಯಿತು ಎನ್ನುವಂತಿಲ್ಲ. ಬಾಸ್ಲಿಂ ಸತ್ತ ಮೇಲೆ ಥಾರ್ಬಿ ‘ಸಿಸು’ ಎಂಬ ವ್ಯಾಪಾರಿ ನೌಕೆ ಸೇರುತ್ತಾನೆ. ಅಲ್ಲಿಯವರು ಯಾವ ರಾಜನಿಗೂ ತಲೆಬಾಗದವರು. ಆದರೆ ನೌಕೆಯೊಳಗೆ ಯಾರು ಯಾರೊಡನೆ ಮಾತಾಡಬೇಕು, ಯಾರು ಯಾರನ್ನು ಮದುವೆಯಾಗಬೇಕು ಎಂಬುದೆಲ್ಲ ಕಟ್ಟಳೆಗೆ ಒಳಪಟ್ಟದ್ದು. ಥಾರ್ಬಿಯನ್ನು ಮೆಚ್ಚಿದ ಹುಡುಗಿಯೊಬ್ಬಳನ್ನು ಕಟ್ಟಳೆಗೆ ಹೊಂದುವುದಿಲ್ಲವೆಂದು ಬೇರೆ ನೌಕೆಗೆ ಕಳುಹಿಸಿಬಿಡುತ್ತಾರೆ. ಇಡೀ ಕುಲ ಸ್ವತಂತ್ರವಾಗಿದ್ದು ಅದರ ಒಬ್ಬೊಬ್ಬ ಸದಸ್ಯನೂ ಕಟ್ಟಳೆಯ ಆಳಾಗಿರಬಹುದು ಎಂಬುದನ್ನು ಕಾದಂಬರಿಯಲ್ಲಿ ಬರುವ ಮಾನವಶಾಸ್ತ್ರಜ್ಞೆಯೊಬ್ಬಳು ಅವನಿಗೆ ಬಿಡಿಸಿ ಹೇಳುತ್ತಾಳೆ. ಈ ಮಾತು ಅರ್ಥವಾಗಲು ಆಕಾಶನೌಕೆ ಹತ್ತಬೇಕಾಗಿಲ್ಲ.

ಕೊನೆಗೆ ಹುಡುಗನ ಮೂಲ ಪತ್ತೆಯಾಗುತ್ತದೆ. ಅವನು ಭೂಮಿಯ ಅತ್ಯಂತ ಶ್ರೀಮಂತ ಮನೆತನದ, ರುಡ್‌ಬೆಕ್ ಕಂಪನಿಯ ವಾರಸುದಾರ. ಹಳೆಯ ರಾಜಕುಮಾರನ ಕಥೆಗಳಾದರೆ ಇಲ್ಲಿಗೆ ಮಂಗಳ ಹಾಡಬಹುದಿತ್ತು. ಹೈನ್‌ಲೈನ್ ಇಲ್ಲಿ ಇನ್ನೊಂದು ಬಾಗಿಲು ತೆರೆಯುತ್ತಾನೆ. ಅದೇ ಸಂಸ್ಥೆ ಕಟ್ಟಿದ ನೌಕೆಗಳು ಗುಲಾಮರ ವ್ಯಾಪಾರಿಗಳ ಕೈಸೇರುತ್ತಿವೆ. ಕಟ್ಟೆಯ ಮೇಲೆ ತನ್ನನ್ನು ಮಾರಿದ ವ್ಯಾಪಾರದ ಲಾಭ ಸುತ್ತಿ ಬಳಸಿ ತನ್ನ ಮನೆಯ ತಿಜೋರಿಗೇ ಬರುತ್ತಿದೆ. ಬಾಸ್ಲಿಂನಂತೆ ವೇಷ ಮರೆಸಿಕೊಂಡು ಹೋರಾಡುವ ಆಸೆ ಥಾರ್ಬಿಗಿದೆ. ಆದರೆ ಅವನ ಪಾಲಿಗೆ ಬಂದ ಕೆಲಸ ಕಚೇರಿಯ ಕುರ್ಚಿಯಲ್ಲಿ ಕೂತು, ಕಡತ ನೋಡುತ್ತ, ಆ ವ್ಯಾಪಾರದ ಬೇರು ಕೀಳುವುದು. ಸಾಹಸದ ಕಥೆ ಬಯಸಿದ ಹುಡುಗರಿಗೆ ಇಂಥ ಅಂತ್ಯ ಕೊಟ್ಟದ್ದು ಸಣ್ಣ ಧೈರ್ಯವಲ್ಲ.

ಈ ಕಾದಂಬರಿಗೆ ಒಂದು ಮಿತಿಯೂ ಇದೆ. ಅಮೆರಿಕದ ಗುಲಾಮಗಿರಿಗೆ ಬಣ್ಣವಿತ್ತು. ಹೈನ್‌ಲೈನ್ ಅದನ್ನು ನಕ್ಷತ್ರಗಳಾಚೆಗೆ ಒಯ್ದಾಗ ಆ ಬಣ್ಣ ಹಿಂದೆ ಉಳಿಯಿತು. ಬಿಟ್ಟುಹೋದದ್ದನ್ನು ಎತ್ತಿಕೊಂಡದ್ದು ಇನ್ನೊಂದು ಕಾದಂಬರಿ.

ಅದು ಆಕ್ಟೇವಿಯಾ ಬಟ್ಲರ್ 1979ರಲ್ಲಿ ಪ್ರಕಟಿಸಿದ ‘ಕಿಂಡ್ರೆಡ್’, ಅಂದರೆ ರಕ್ತಸಂಬಂಧಿಗಳು. ಬಟ್ಲರ್ 1947ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಕಪ್ಪು ಲೇಖಕಿ. ಅವಳ ತಾಯಿ ಮನೆಗೆಲಸ ಮಾಡುತ್ತಿದ್ದವಳು. ಯಜಮಾನರ ಮನೆಯ ಹಿಂಬಾಗಿಲಿನಿಂದ ಒಳಗೆ ಹೋಗುತ್ತಿದ್ದ ತಾಯಿಯನ್ನು ಮಗಳು ಕಣ್ಣಾರೆ ಕಂಡಿದ್ದಳು. ಹಿಂದಿನವರು ಇದನ್ನೆಲ್ಲ ಯಾಕೆ ಸಹಿಸಿದರು ಎಂದು ಮುಂದಿನ ತಲೆಮಾರು ಸಿಟ್ಟಾಗುತ್ತಿದ್ದ ಕಾಲ ಅದು. ಆ ಸಿಟ್ಟಿಗೆ ಉತ್ತರವಾಗಿ ಬಂದದ್ದು ಈ ಕಾದಂಬರಿ. ಕಾಲದಲ್ಲಿ ಹಿಂದೆ ಹೋಗುವ ಯಂತ್ರವಾಗಲಿ ಅದರ ವಿವರಣೆಯಾಗಲಿ ಇದರಲ್ಲಿ ಇಲ್ಲ. ಹಾಗಾಗಿ ಬಟ್ಲರ್ ತಾನೇ ಇದನ್ನು ವಿಜ್ಞಾನ ಕಥೆ ಎನ್ನಲು ಒಪ್ಪಲಿಲ್ಲ. ಓದುಗರು ಮಾತ್ರ ಆ ಸಾಲಿನಲ್ಲೇ ಇಟ್ಟು ಓದುತ್ತ ಬಂದಿದ್ದಾರೆ.

1976ರ ಜೂನ್ 9, ಡೇನಾ ಎಂಬ ಕಪ್ಪು ಯುವತಿಯ 26ನೇ ಹುಟ್ಟುಹಬ್ಬ. ಆ ದಿನ ಇದ್ದಕ್ಕಿದ್ದಂತೆ ಅವಳು 19ನೇ ಶತಮಾನದ ಆರಂಭದ ಮೇರಿಲ್ಯಾಂಡ್‌ಗೆ ಸೆಳೆಯಲ್ಪಡುತ್ತಾಳೆ. ಅಲ್ಲಿ ರೂಫಸ್ ಎಂಬ ಬಿಳಿಯ ಬಾಲಕ ನದಿಯಲ್ಲಿ ಮುಳುಗುತ್ತಿದ್ದಾನೆ. ಅವನನ್ನು ಅವಳು ಉಳಿಸುತ್ತಾಳೆ. ಹೀಗೆ ಅವನ ಪ್ರಾಣಕ್ಕೆ ಅಪಾಯ ಬಂದಾಗಲೆಲ್ಲ ಅವಳಿಗೆ ಕರೆ, ಒಟ್ಟು ಆರು ಸಲ. ರೂಫಸ್ ಅವಳ ವಂಶದ ಮೂಲಪುರುಷ. ಅವನು ಸತ್ತರೆ ಅವಳೇ ಹುಟ್ಟುವುದಿಲ್ಲ. ಅವಳ ಕಾಲದಲ್ಲಿ ಒಂದು ತಿಂಗಳು ಕಳೆಯುವ ಮೊದಲೇ ಅವನು ಬೆಳೆದು ಗಂಡಸಾಗುತ್ತಾನೆ.

ರೂಫಸ್‌ಗೂ ಬಾಸ್ಲಿಂನಂಥ ಒಬ್ಬ ಗುರು ಸಿಕ್ಕಂತಾಯಿತು. ಡೇನಾ ಅವನಿಗೆ ಪುಸ್ತಕ ಓದಿ ಹೇಳುತ್ತಾಳೆ, ತಿದ್ದಲು ನೋಡುತ್ತಾಳೆ. ಅವಳು ಓದುವ ಪುಸ್ತಕಗಳಲ್ಲೊಂದು ‘ರಾಬಿನ್‌ಸನ್ ಕ್ರೂಸೋ’. ಆ ಕ್ರೂಸೋ ಹಡಗೊಡೆದು ದ್ವೀಪ ಸೇರಿದ್ದು ಗುಲಾಮರನ್ನು ತರಲು ಹೊರಟಾಗಲೇ. ಮನೆಯ ಹೊರಗೆ ಗುಲಾಮರ ಮಕ್ಕಳು ಮರದ ಬೊಡ್ಡೆಯ ಮೇಲೆ ನಿಂತು ಹರಾಜಿನ ಆಟ ಆಡುತ್ತಾರೆ. ತನಗೆ ಕೂಗಿದ ಬೆಲೆ ಕಡಿಮೆಯಾಯಿತೆಂದು ಹುಡುಗಿಯೊಬ್ಬಳು ಜಗಳ ತೆಗೆಯುತ್ತಾಳೆ. ಗುಲಾಮಗಿರಿ ಚಾವಟಿಯಿಂದಷ್ಟೇ ನಡೆಯುತ್ತಿರಲಿಲ್ಲ, ಮಕ್ಕಳ ಆಟದಲ್ಲೂ ಅದು ಕಲಿತು ಬರುತ್ತಿತ್ತು ಎಂಬುದಕ್ಕೆ ಈ ದೃಶ್ಯ ಸಾಕು.

ಡೇನಾಳ ಪಾಠ ಸೋಲುತ್ತದೆ. ಅಪ್ಪನ ಜಮೀನು, ನೆಲದ ಕಾನೂನು, ನೆರೆಹೊರೆಯ ರೂಢಿ ಎಲ್ಲವೂ ರೂಫಸ್‌ನನ್ನು ಒಡೆಯನೆಂದೇ ಒಪ್ಪಿಕೊಂಡಿವೆ. ಸ್ವತಂತ್ರಳಾಗಿ ಹುಟ್ಟಿದ ಬಾಲ್ಯದ ಗೆಳತಿ ಆಲಿಸ್‌ಳನ್ನು ಅವನು ಗುಲಾಮಳನ್ನಾಗಿ ಕೊಂಡು ಇಟ್ಟುಕೊಳ್ಳುತ್ತಾನೆ. ಕೊನೆಗೆ ಅವಳು ನೇಣಿಗೆ ಶರಣಾಗುತ್ತಾಳೆ. ಕಡೆಯ ಭೇಟಿಯಲ್ಲಿ ರೂಫಸ್ ಡೇನಾಳ ಮೇಲೆಯೇ ಕೈಮಾಡಿದಾಗ ಅವಳು ಅವನನ್ನು ಇರಿದು ಕೊಲ್ಲುತ್ತಾಳೆ. ಅವನ ಹಿಡಿತದಲ್ಲಿದ್ದ ಅವಳ ಎಡಗೈ ಹಿಂದಿನ ಕಾಲದಲ್ಲೇ ಉಳಿದುಬಿಡುತ್ತದೆ. 1976ರ ಜುಲೈ 4ರಂದು, ಅಮೆರಿಕ ತನ್ನ ಸ್ವಾತಂತ್ರ್ಯದ 200ನೇ ವರ್ಷ ಆಚರಿಸುತ್ತಿದ್ದ ದಿನವೇ, ಅವಳು ಕೈ ಕಳೆದುಕೊಂಡು ಮನೆಗೆ ಮರಳುತ್ತಾಳೆ.

ಡೇನಾ ಹೋದ ಈ ಮೇರಿಲ್ಯಾಂಡ್ ಕಟ್ಟುಕಥೆಯ ನೆಲವಲ್ಲ. ಅದರ ಪೂರ್ವ ತೀರದಲ್ಲೇ 1818ರಲ್ಲಿ ಫ್ರೆಡರಿಕ್ ಡಗ್ಲಾಸ್ ಗುಲಾಮನಾಗಿ ಹುಟ್ಟಿದ. ಅಕ್ಷರ ಕಲಿತು, 1838ರಲ್ಲಿ ತಪ್ಪಿಸಿಕೊಂಡು, 1845ರಲ್ಲಿ ತನ್ನ ಆತ್ಮಕಥೆ ಪ್ರಕಟಿಸಿದ. ಅಲ್ಲಿ ಗುಲಾಮಗಿರಿ ಕಾನೂನಿನಿಂದ ಕೊನೆಗೊಂಡದ್ದು 1864ರಲ್ಲಿ, ಇಡೀ ದೇಶದಲ್ಲಿ 1865ರಲ್ಲಿ.

ಥಾರ್ಬಿ ಮತ್ತು ರೂಫಸ್ ಇಬ್ಬರಿಗೂ ಪಾಠ ಹೇಳುವವರಿದ್ದರು. ಇಬ್ಬರಿಗೂ ಪಿತ್ರಾರ್ಜಿತ ಬಂತು. ಒಬ್ಬ ಆಸ್ತಿಯ ಲೆಕ್ಕಪುಸ್ತಕ ತೆರೆದು ಅದು ಎಲ್ಲಿಂದ ಬಂತೆಂದು ಕೇಳಿದ. ಇನ್ನೊಬ್ಬ ಅದು ತನ್ನ ಹಕ್ಕೆಂದು ಅನುಭವಿಸಿದ. ಬಿಡುಗಡೆಯ ಕಾಗದ ಕಚೇರಿಯಲ್ಲಿ ಸಿಗುತ್ತದೆ. ತಾನು ಉಣ್ಣುವ ಅನ್ನದ ಹಿಂದೆ ಯಾರ ಬಿಟ್ಟಿ ಚಾಕರಿ ಇದೆಯೆಂದು ಕೇಳುವ ಬುದ್ಧಿ ಅಲ್ಲಿ ಸಿಗುವುದಿಲ್ಲ. ಆ ಬುದ್ಧಿ ಬಂದ ದಿನವೇ ಹುಡುಗ ದೊಡ್ಡವನಾಗುವುದು ಎಂದು ಈ ಎರಡು ಕಾದಂಬರಿಗಳೂ ಹೇಳುತ್ತವೆ.